ಅಂಗಳ ತೊಳೆಯುವ ಬಲ

ನಮ್ಮ ಮಾಣಿಕನಗರದಲ್ಲಿ ದತ್ತಜಯಂತಿ ಹತ್ತಿರ ಬಂದಿತೆಂದು ತಿಳಿಯಲು ಪಂಚಾಂಗವನ್ನು ತೆರೆಯಬೇಕಾಗಿಲ್ಲ. ಮನೆಗಳ ಮುಂದಿನ ಅಂಗಳಗಳನ್ನು ನೋಡಿದರೆ ಸಾಕು. ಮಾರ್ಗಶಿರದ ಹುಣ್ಣಿಮೆಗೆ ಇನ್ನೂ ಎಂಟು ಹತ್ತು ದಿನಗಳಿರುವಾಗಲೇ ಕಟ್ಟೆಯ ಮೇಲಿನ ಹಳೆಯ ಸಾಮಾನು ಒಳಗೆ ಸೇರುತ್ತದೆ, ಗೋಡೆಗೆ ಸುಣ್ಣ ಬರುತ್ತದೆ, ವರ್ಷವೆಲ್ಲ ಮಂಕಾಗಿ ಬಿದ್ದಿದ್ದ ಫರಸಿಕಲ್ಲು ಮುಖ ತೊಳೆದುಕೊಳ್ಳುತ್ತದೆ. ಗಡಿಯಾಚೆಯ ಮಹಾರಾಷ್ಟ್ರದಿಂದ, ತೆಲಂಗಾಣದಿಂದ, ಇತ್ತ ಕಲಬುರಗಿಯಿಂದ ಬರುವ ನೆಂಟರ ಕಣ್ಣಿಗೆ ಮೊದಲು ಬೀಳುವುದು ಮನೆಯವರ ಮನಸ್ಸಲ್ಲ, ಮನೆಯ ಅಂಗಳ. ಆದುದರಿಂದ ಮನಸ್ಸಿಗಿಂತ ಮೊದಲು ಅಂಗಳವನ್ನು ತೊಳೆಯುವ ವಾಡಿಕೆ ಬೆಳೆದುಬಂದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ನಾನು ಹುಡುಗನಾಗಿದ್ದಾಗ ಈ ಸಿದ್ಧತೆಯ ಸದ್ದೆಂದರೆ ಕಸಬರಿಗೆಯ ಸದ್ದು, ಬಾವಿಯ ಗಡಗಡಿಯ ಸದ್ದು, ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜುವ ಸದ್ದು. ಈಗ ಅವುಗಳ ಜೊತೆಗೆ ಇನ್ನೊಂದು ಸದ್ದು ಬಂದು ಸೇರಿದೆ. ಅದು ಮೋಟಾರಿನ ಮೊರೆತ. ಅದರ ಹಿಂದೆಯೇ ಹಾವು ಬುಸುಗುಟ್ಟಿದಂತೆ ನೀರಿನ ಶಬ್ದ. ದ್ವಿಚಕ್ರ ವಾಹನಗಳನ್ನು ತೊಳೆಯುವ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಮಾತ್ರ ನಾವು ಕಾಣುತ್ತಿದ್ದ ಪ್ರೆಶರ್ ವಾಷರ್ ಈಗ ಮನೆಯಂಗಳಕ್ಕೆ ಬಂದಿದೆ. ಕೊಳ್ಳಲಾಗದವರು ಬಾಡಿಗೆಗೆ ತರುತ್ತಾರೆ. ತಂದವರು ಹೆಮ್ಮೆಯಿಂದ ತೊಳೆಯುತ್ತಾರೆ; ತರದವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಹೋದ ವರ್ಷ ತಂದವರ ಸಾಲಿನಲ್ಲಿ ನಾನೂ ಇದ್ದೆ. ಈ ಲೇಖನ ಆ ಹೆಮ್ಮೆಯ ಫಲ. ಇದರಲ್ಲಿ ಸ್ವಲ್ಪ ಪಶ್ಚಾತ್ತಾಪವೂ ಬೆರೆತಿದ್ದರೆ ಓದುಗರು ಮನ್ನಿಸಬೇಕು.

ಯಂತ್ರವನ್ನು ತರಲು ನನಗೆ ಕಾರಣವಿಲ್ಲದಿರಲಿಲ್ಲ. ಅದಕ್ಕೆ ಹಿಂದಿನ ಶ್ರಾವಣದಲ್ಲಿ ಬಿಡುವಿಲ್ಲದೆ ಮಳೆ ಹಿಡಿದಿತ್ತು. ನಮ್ಮ ಅಂಗಳದ ಒಂದು ಮೂಲೆಯಲ್ಲಿ, ಬೇವಿನ ಮರದ ನೆರಳಿನಲ್ಲಿ, ಫರಸಿಯ ಮೇಲೆ ಹಸಿರು ಪಾಚಿ ಕಟ್ಟಿಕೊಂಡಿತು. ಎಪ್ಪತ್ತು ದಾಟಿದ ನಮ್ಮವ್ವ ಒಂದು ಬೆಳಿಗ್ಗೆ ತುಳಸಿಗೆ ನೀರೆರೆಯಲು ಹೋಗಿ ಅಲ್ಲಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಆಕೆ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕುಳಿತಳು. ಆ ಆರು ವಾರವೂ ನಮ್ಮ ಬಾಗಿಲ ಮುಂದೆ ರಂಗೋಲಿ ಬೀಳಲಿಲ್ಲ. ಎಡಗೈಯಿಂದ ಒಮ್ಮೆ ಪ್ರಯತ್ನಿಸಿ, ಗೆರೆ ಸೊಟ್ಟಗಾಯಿತೆಂದು ತಾನೇ ಅಳಿಸಿಬಿಟ್ಟಳು. ಆ ದಿನವೇ ನಾನು ಈ ಪಾಚಿಯನ್ನು ಬೇರುಸಹಿತ ಕಿತ್ತುಹಾಕುವೆನೆಂದು ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿಕೊಂಡೆ. ಪ್ರತಿಜ್ಞೆ ಮಾಡಿದವನಿಗೆ ಆಯುಧ ಬೇಕಲ್ಲವೆ? ಹಬ್ಬದ ಮುಂದೆ ಆಯುಧ ದೊರೆಯಿತು.

ಆ ಆಯುಧದ ಬಲವೆಷ್ಟೆಂಬುದನ್ನು ನಾನು ಅನಂತರ ಲೆಕ್ಕ ಹಾಕಿ ನೋಡಿದೆ. ಮೊದಲೇ ಹಾಕಿದ್ದರೆ ಕೈ ಸ್ವಲ್ಪ ಹಿಂಜರಿಯುತ್ತಿತ್ತೇನೋ. ಒತ್ತಡವನ್ನು ಅಳೆಯುವ ಮಾನಕ್ಕೆ 'ಬಾರ್' ಎಂದು ಹೆಸರು. ಹತ್ತು ಮೀಟರ್ ಎತ್ತರದ ನೀರಿನ ಕಂಬವೊಂದು ತನ್ನ ಬುಡದ ಮೇಲೆ ಹೇರುವ ಒತ್ತಡ ಸುಮಾರು ಒಂದು ಬಾರ್. ನಮ್ಮ ಮಾಳಿಗೆಯ ಮೇಲಿನ ತೊಟ್ಟಿಯಿಂದ ಕೆಳಗಿನ ನಲ್ಲಿಗೆ ಬರುವ ನೀರಿಗೆ ಅಷ್ಟೂ ಇರುವುದಿಲ್ಲ. ಮನೆಬಳಕೆಯ ಸಾಧಾರಣ ಯಂತ್ರಕ್ಕಾದರೋ ನೂರು ಬಾರಿನಷ್ಟು ಒತ್ತಡವಿರುತ್ತದೆ. ಅಂದರೆ ಒಂದು ಸಾವಿರ ಮೀಟರ್ ಎತ್ತರದ ನೀರಿನ ಕಂಬ. ನಮ್ಮ ಜೋಗದ ಜಲಪಾತದ ಎತ್ತರ 253 ಮೀಟರ್. ಒಂದರ ಮೇಲೊಂದರಂತೆ ನಾಲ್ಕು ಜೋಗಗಳನ್ನು ನಿಲ್ಲಿಸಿ, ಆ ಒತ್ತಡವನ್ನೆಲ್ಲ ಒಂದು ಸಣ್ಣ ರಂಧ್ರದ ಮೂಲಕ ಹೊರಬಿಟ್ಟಂತಾಯಿತು. ಆ ರಂಧ್ರದಿಂದ ಹೊರಡುವ ನೀರು ತುದಿಯಲ್ಲಿ ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿರುತ್ತದೆ. ಹತ್ತಿರದಿಂದ ಮೈಗೆ ತಗುಲಿದರೆ ಅದು ಚರ್ಮವನ್ನು ಸೀಳಿ ಒಳಹೊಗಬಲ್ಲದು. ಹೊರಗೆ ಚಿಕ್ಕ ಗಾಯ ಕಂಡರೂ ಒಳಗಿನ ಹಾನಿ ದೊಡ್ಡದಾಗಿರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಚರ್ಮವನ್ನು ಸೀಳುವ ನೀರು ಕಲ್ಲನ್ನು ಸುಮ್ಮನೆ ಬಿಡುವುದೆ?

ಈ ಯಂತ್ರ ನಿನ್ನೆ ಮೊನ್ನೆಯದಲ್ಲ. 1950ರಲ್ಲಿ ಜರ್ಮನಿಯ ಆಲ್ಫ್ರೆಡ್ ಕೆರ್ಷರ್ ಯೂರೋಪಿನಲ್ಲಿ ಮೊದಲ ಬಾರಿಗೆ ಬಿಸಿನೀರಿನ ಅಧಿಕ ಒತ್ತಡದ ಶುಚಿಯಂತ್ರವನ್ನು ರೂಪಿಸಿದ. ಅವನು ಕಟ್ಟಿದ ಸಂಸ್ಥೆ 1984ರಲ್ಲಿ ಮನೆಯವರು ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕಾರ್ಖಾನೆಯ ಎಣ್ಣೆಜಿಡ್ಡಿಗೆ, ಲಾರಿಯ ಕೆಸರಿಗೆ ಬೇಕಾಗಿದ್ದ ಬಲ ಹೀಗೆ ಕ್ರಮೇಣ ತುಳಸಿಕಟ್ಟೆಯ ಬುಡಕ್ಕೆ ಬಂದು ನಿಂತಿತು. ವಸ್ತುವೊಂದು ಎಲ್ಲಿ ಹುಟ್ಟಿತೆಂಬುದು ಅದರ ದೋಷವಲ್ಲ; ಎಲ್ಲಿ ಬಳಸಬೇಕೆಂಬುದನ್ನು ತಿಳಿಯದಿರುವುದು ಮಾತ್ರ ನಮ್ಮ ದೋಷ.

ನಾನು ಯಂತ್ರವನ್ನು ಹಿಡಿದ ಆ ಭಾನುವಾರ ನಿಜಕ್ಕೂ ಸಂತೋಷದ ದಿನವಾಗಿತ್ತು. ನೀರಿನ ಬೀಸಣಿಗೆ ಹಾಯ್ದುಹೋದ ಕಡೆಯೆಲ್ಲ ಕರಿಯ ಫರಸಿ ಬೂದುಬಣ್ಣಕ್ಕೆ ತಿರುಗಿತು. ಹಸಿರು ಓಡಿಹೋಯಿತು. ಮೂವತ್ತು ವರ್ಷಗಳ ಕಲೆಗಳು ಮೂರು ನಿಮಿಷಗಳಲ್ಲಿ ಮಾಯವಾದವು. ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದರೂ ಹುಡುಗರ ಮುಖದಲ್ಲಿ ಬದಲಾವಣೆಯನ್ನು ಕಾಣದ ಉಪನ್ಯಾಸಕನಿಗೆ, ಬೆರಳೊತ್ತಿದೊಡನೆ ಜಗತ್ತು ಬದಲಾಗುವ ದೃಶ್ಯ ಎಷ್ಟು ರುಚಿಸಿತೆಂಬುದನ್ನು ವೃತ್ತಿಬಂಧುಗಳು ಬಲ್ಲರು. ಮೊಂಡು ಕಲೆಗಳಿಗೆ ಅಗಲದ ಧಾರೆ ಸಾಲದೆಂದು ಕಿರಿದಾದ ಧಾರೆಯ ಮೂತಿಯನ್ನು ಜೋಡಿಸಿದೆ. ಅಂಗಳ ಮುಗಿಯಿತು. ಉತ್ಸಾಹ ಮುಗಿದಿರಲಿಲ್ಲ. ಹಿತ್ತಲ ಕಡೆಯ ಹಳೆಯ ಕೆಂಪುಕಲ್ಲಿನ ಗೋಡೆಯತ್ತ ತಿರುಗಿದೆ. ಅವ್ವ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ತಮ್ಮಾ, ನೀರು ಕೆಂಪಗ ಹರಿಲಿಕತ್ತದ, ನೋಡು" ಎಂದಳು. ಕೊಳೆ ಹೋಗುತ್ತಿದೆಯೆಂದು ನಾನು ಉತ್ತರ ಕೊಟ್ಟೆ. ಹೋಗುತ್ತಿದ್ದುದು ಕೊಳೆಯಲ್ಲ, ಗೋಡೆ.

ಇಲ್ಲಿ ನಮ್ಮ ಸೀಮೆಯ ಕಲ್ಲುಗಳ ಸ್ವಭಾವವನ್ನು ಕುರಿತು ಎರಡು ಮಾತು ಹೇಳಬೇಕು. ಬೀದರದಿಂದ ಹುಮನಾಬಾದಿನ ಕಡೆಗೆ ಹಬ್ಬಿರುವ ಎತ್ತರದ ಬಯಲು ಈ ಕೆಂಪುಕಲ್ಲಿನದು. ಕರಾವಳಿಯವರು ಇದನ್ನು ಮುರಕಲ್ಲು ಎನ್ನುತ್ತಾರೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್, ಮಲಬಾರಿನಲ್ಲಿ ಕಂಡ ಇಂಥ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ನೆಲದಿಂದ ತೆಗೆದಾಗ ಇದು ಮೆದು. ಹಾರೆ ಕೊಡಲಿಗಳಿಂದ ಕಡಿಯಬಹುದು. ಗಾಳಿಬಿಸಿಲಿಗೆ ಬಂದಮೇಲೆ ಇದರಲ್ಲಿರುವ ಕಬ್ಬಿಣದ ಅಂಶ ಗಟ್ಟಿಯಾಗಿ, ಹೊರಮೈ ಕವಚದಂತಾಗುತ್ತದೆ. ಬೀದರ ಕೋಟೆಯ ಗೋಡೆಗಳು ನಿಂತಿರುವುದು ಈ ಕವಚದ ಬಲದ ಮೇಲೆ. ಅದರ ಸುತ್ತಲಿನ ಕಂದಕವನ್ನು ಕಡಿದಿರುವುದೂ ಇದೇ ಕಲ್ಲಿನಲ್ಲಿ. ಕವಚವನ್ನು ಕೆತ್ತಿಹಾಕಿದರೆ ಒಳಗಿನ ಮೃದುವಾದ ಮಣ್ಣು ಮಳೆಗೆ ಬಾಯ್ದೆರೆಯುತ್ತದೆ. ನಾನು ಒಂದು ಮಧ್ಯಾಹ್ನದಲ್ಲಿ ತೊಳೆದುಹಾಕಿದ್ದು ನಮ್ಮಜ್ಜನ ಕಾಲದಿಂದ ಬಿಸಿಲು ಕೂಡಿಸಿಕೊಟ್ಟ ಆ ಕವಚವನ್ನು.

ಅಂಗಳದ ಫರಸಿಯ ಕಥೆ ಇನ್ನೊಂದು ಬಗೆಯದು. ಅದು ಶಹಾಬಾದಿನ ಕಲ್ಲು. ಭೀಮಾ ತೀರದ ಸುಣ್ಣಕಲ್ಲು. ಪದರು ಪದರಾಗಿ ಏಳುವ ಗುಣವಿರುವುದರಿಂದ ಹಾಸುಗಲ್ಲಾಗಲು ಹೇಳಿ ಮಾಡಿಸಿದಂತಿದೆ. ಈ ಸೀಮೆಯಲ್ಲಿ ಬಡವನ ಪಡಸಾಲೆಯಿಂದ ಹಿಡಿದು ಸರಕಾರಿ ಕಚೇರಿಯವರೆಗೆ ಅದು ಹಾಸದ ನೆಲವಿಲ್ಲ. ತಲೆಮಾರುಗಳ ಪಾದಗಳು ಉಜ್ಜಿ ಉಜ್ಜಿ ಅದಕ್ಕೊಂದು ನುಣುಪು ಬಂದಿರುತ್ತದೆ. ಆಮ್ಲವೆಂದರೆ ಅದಕ್ಕಾಗದು, ಬಚ್ಚಲು ತೊಳೆಯುವ ಆಸಿಡ್ಡು ಚೆಲ್ಲಿದ ಜಾಗದಲ್ಲಿ ನೊರೆಯೆದ್ದು ಹೊಳಪು ಸಾಯುವುದನ್ನು ಗೃಹಿಣಿಯರೆಲ್ಲ ಕಂಡಿದ್ದಾರೆ. ಕಿರಿದಾದ ಧಾರೆಯನ್ನು ಹತ್ತಿರ ಹಿಡಿದರೆ ಪದರಿನ ಅಂಚು ಏಳುತ್ತದೆ, ನುಣುಪು ಹೋಗಿ ತರಿ ಬರುತ್ತದೆ. ತರಿಯಾದ ಕಲ್ಲಿನಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಪಾಚಿ ಮೊದಲಿಗಿಂತ ಬೇಗ ಬೇರೂರುತ್ತದೆ. ಇದಕ್ಕಿಂತ ಹೆಚ್ಚಿನ ಹಾನಿ ಸಂದುಗಳಿಗೆ. ಕಲ್ಲು ಕಲ್ಲುಗಳ ನಡುವಿನ ಸುಣ್ಣದ ಗಚ್ಚು ಆ ಧಾರೆಯ ಮುಂದೆ ನಿಲ್ಲಲಾರದು. ನಮ್ಮ ಅಂಗಳದ ಸಂದುಗಳೆಲ್ಲ ಆ ದಿನ ತೆರೆದುಕೊಂಡವು. ನನಗೆ ಅವು ಸ್ವಚ್ಛವಾದ ಗೆರೆಗಳಂತೆ ಕಂಡವು. ಅದನ್ನೇ ಅಂದವೆಂದು ನಂಬಿದೆ.

ಹಬ್ಬ ಚೆನ್ನಾಗಿ ಆಯಿತು. ನೆಂಟರು ಅಂಗಳವನ್ನು ಹೊಗಳಿದರು. ಮುಂದಿನ ಮಳೆಗಾಲ ಬಂದಿತು. ತೆರೆದ ಸಂದುಗಳಿಂದ ನೀರು ಕೆಳಗಿಳಿದು, ಕಲ್ಲಿನ ಬುಡದ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ನಾಲ್ಕು ಫರಸಿಗಳು ಕುಸಿದು ಓರೆಯಾದವು. ಓರೆಯಾದಲ್ಲಿ ನೀರು ನಿಂತಿತು. ಆಷಾಢ ಮುಗಿಯುವುದರೊಳಗೆ ಅದೇ ಮೂಲೆಯಲ್ಲಿ ಅದೇ ಹಸಿರು, ಹೋದ ವರ್ಷಕ್ಕಿಂತ ದಟ್ಟವಾಗಿ ಬಂದು ಕುಳಿತಿತು. ಮುರಿದ ಕೈಗಾಗಿ ಪ್ರತಿಜ್ಞೆ ಮಾಡಿದ ನಾನು, ಜಾರಲು ಮೊದಲಿದ್ದ ಜಾಗದ ಜೊತೆಗೆ ಎಡವಲು ನಾಲ್ಕು ಹೊಸ ಜಾಗಗಳನ್ನು ಅವ್ವನಿಗೆ ಮಾಡಿಕೊಟ್ಟಂತಾಯಿತು.

ಆಗ ಆಕೆ ಹೇಳಿದ ಮಾತು ಇದು: "ಅಲ್ಲಿ ನೀರು ನಿಂದರೂದು ಬಿಡಸು ತಮ್ಮಾ. ಪಾಚಿ ತಾನೇ ಹೋಗ್ತದ." ನೋಡಿದರೆ ಮಾಳಿಗೆಯ ತೊಟ್ಟಿ ತುಂಬಿ ಹೊರಚೆಲ್ಲುವ ಕೊಳವೆಯ ಬಾಯಿ ನೇರವಾಗಿ ಆ ಮೂಲೆಗೆ ಇಳಿಯುತ್ತಿತ್ತು. ದಿನವೂ ಮೋಟಾರು ನಿಲ್ಲಿಸಲು ಮರೆಯುತ್ತಿದ್ದವನು ನಾನು. ಪಾಚಿಯನ್ನು ಬೆಳೆಸಿದ್ದು ನೀರು. ಆ ನೀರನ್ನು ಹರಿಸಿದ್ದು ನನ್ನ ಮರೆವು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಇನ್ನಷ್ಟು ನೀರು! ರೋಗದ ಮೂಲವನ್ನು ಬಿಟ್ಟು ಗುರುತನ್ನು ಅಳಿಸುವ ಇಂಥ ಚಿಕಿತ್ಸೆಗಳು ನಮ್ಮ ಸಾರ್ವಜನಿಕ ಜೀವನದಲ್ಲಿಯೂ ಬೇಕಾದಷ್ಟಿವೆ. ಆ ಮಾತು ಇಲ್ಲಿ ಬೇಡ.

ಕನ್ನಡವನ್ನು ಪಾಠ ಹೇಳುವವನಾದ ನನಗೆ ಈ ಪ್ರಸಂಗದಿಂದ ನಮ್ಮ ಕ್ರಿಯಾಪದಗಳ ಮೇಲೆ ಹೊಸ ಗೌರವ ಬಂದಿತು. ಅಂಗಳವನ್ನು ಶುಚಿ ಮಾಡುವುದಕ್ಕೆ ನಮ್ಮಲ್ಲಿ ಒಂದೇ ಮಾತಿಲ್ಲ. ಗುಡಿಸುವುದು ಬೇರೆ, ಉಜ್ಜುವುದು ಬೇರೆ, ತಿಕ್ಕುವುದು ಬೇರೆ, ಒರಸುವುದು ಬೇರೆ, ತೊಳೆಯುವುದು ಬೇರೆ. ಥಳಿ ಹೊಡೆಯುವುದು ಇವಾವುವೂ ಅಲ್ಲ. ಚಿಮುಕಿಸಿದ ಅಷ್ಟೇ ನೀರಿನಿಂದ ಧೂಳನ್ನು ನೆಲಕ್ಕೆ ಕೂರಿಸುವುದು ಅದು. ಇನ್ನು ಸಾರಿಸುವುದು, ಬಳಿಯುವುದು ಎಂಬ ಎರಡು ಮಾತುಗಳನ್ನು ನೋಡಿ. ಇವುಗಳಲ್ಲಿ ತೆಗೆದುಹಾಕುವುದೇ ಇಲ್ಲ, ಕೊಡುವುದು ಇದೆ. ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸಿದರೆ ನೆಲಕ್ಕೊಂದು ತೆಳುವಾದ ಹೊಸ ಚರ್ಮ ಬರುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆಂದು ರಸಾಯನಶಾಸ್ತ್ರ ಹೇಳುತ್ತದೆ; ವರ್ಷಕ್ಕೊಂದು ಪದರು ಕಲ್ಲನ್ನು ಗೋಡೆ ತೊಟ್ಟುಕೊಳ್ಳುತ್ತದೆ. ಶುಚಿಯೆಂದರೆ ಕಿತ್ತೆಸೆಯುವುದೊಂದೇ ಅಲ್ಲ, ಮೈಯನ್ನು ಕಾಪಾಡುವುದೂ ಶುಚಿಯೇ ಎಂಬ ವಿವೇಕ ಈ ಮಾತುಗಳಲ್ಲಿ ಅಡಗಿದೆ. ಯಂತ್ರ ಬಂದಮೇಲೆ ಅಷ್ಟು ಕ್ರಿಯಾಪದಗಳ ಜಾಗದಲ್ಲಿ ಉಳಿದದ್ದು ಒಂದೇ: 'ಹೊಡೆ.' "ಅಂಗಳಕ್ಕೆ ಪ್ರೆಶರ್ ಹೊಡೆದೆ" ಎಂದೇ ಈಗ ಜನ ಹೇಳುತ್ತಾರೆ. ಮಾತು ಸುಳ್ಳಾಡುವುದಿಲ್ಲ.

ಇಷ್ಟು ಬರೆದಮೇಲೆ, ಹಳೆಯದೆಲ್ಲ ಹೊನ್ನು ಎಂದು ಹಾಡುವವರ ಗುಂಪಿಗೆ ನನ್ನನ್ನು ಸೇರಿಸಬಾರದೆಂದು ಬೇಡುತ್ತೇನೆ. ಕಸಬರಿಗೆಯ ಕಾಲ ಸುವರ್ಣಯುಗವಾಗಿರಲಿಲ್ಲ. ಆ ಕಾಲದ ಅಂಗಳಗಳು ಬೆಳಗುತ್ತಿದ್ದುದು ಹೆಂಗಸರ ಬೆನ್ನುಗಳ ಬಾಗಿನಿಂದ. ಬೆಳಗಿನ ಐದು ಗಂಟೆಗೆ ಎದ್ದು ಗುಡಿಸಿದವಳು ನನ್ನವ್ವ. ಬಾವಿಯಿಂದ ಸೇದಿದವಳು ನನ್ನಕ್ಕ. ಎದ್ದು ಬಂದು ಅಂಗಳ ಚೆಂದವಾಗಿದೆಯೆಂದವನು ನಾನು. ದಣಿವು ಯಾರದೋ ಆಗಿರುವಾಗ ಸೌಂದರ್ಯಮೀಮಾಂಸೆ ಮಾಡುವುದು ಸುಲಭ. ಬೆನ್ನು ನೋಯುವವರ ಕೈಗೆ ಯಂತ್ರ ಬಂದರೆ ಅದನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಸಿಮೆಂಟು ಕಾಂಕ್ರೀಟಿನ ನೆಲವಿದ್ದು, ಅಗಲವಾದ ಧಾರೆಯನ್ನು ತಕ್ಕ ದೂರದಿಂದ ಹಿಡಿದರೆ ಯಂತ್ರ ಒಳ್ಳೆಯ ಸೇವಕ. ಅಷ್ಟು ಮಾತ್ರವಲ್ಲ, ನೀರಿನ ವಿಷಯದಲ್ಲಿಯೂ ಅದರ ಪರವಾಗಿ ಒಂದು ವಾದವಿದೆ. ಸಾಧಾರಣ ರಬ್ಬರಿನ ಪೈಪಿನಿಂದ ನಿಮಿಷಕ್ಕೆ ಹದಿನೈದು ಲೀಟರು ಹರಿದರೆ, ಮನೆಬಳಕೆಯ ಯಂತ್ರ ಆರೇಳು ಲೀಟರುಗಳಲ್ಲಿ ಕೆಲಸ ಮುಗಿಸುತ್ತದೆ.

ವಾದ ಸರಿ. ಆದರೆ ಲೆಕ್ಕವನ್ನು ನಿಮಿಷದಿಂದ ಹಾಕಬಾರದು, ಆಸೆಯಿಂದ ಹಾಕಬೇಕು. ನಾನು ಪೈಪನ್ನು ಹಿಡಿದಿದ್ದರೆ ಹತ್ತು ನಿಮಿಷದಲ್ಲಿ ಬೇಸರಪಟ್ಟು ಬಿಡುತ್ತಿದ್ದೆ. ಯಂತ್ರವನ್ನು ಹಿಡಿದದ್ದು ಎರಡು ಗಂಟೆ. ಗಂಟೆಗೆ ನಾನೂರು ಲೀಟರಿನಂತೆ ಎಂಟುನೂರು ಲೀಟರು ನೀರು ಬೀದಿಗೆ ಹರಿದುಹೋಯಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಜನರಿಗೆ ಗೊತ್ತುಪಡಿಸಿದ ನೀರು ತಲೆಗೆ ದಿನಕ್ಕೆ 55 ಲೀಟರು. ಒಬ್ಬ ಮನುಷ್ಯ ಎರಡು ವಾರ ಕುಡಿದು, ಅಟ್ಟು, ಮಿಂದು ಬದುಕಬಹುದಾದ ನೀರನ್ನು ನಾನು ಒಂದು ಭಾನುವಾರದ ಹೆಮ್ಮೆಗೆ ಚೆಲ್ಲಿದೆ. ಅವ್ವ ಥಳಿ ಹೊಡೆಯಲು ಬಳಸುವುದು ಅರ್ಧ ಬಕೀಟು.

ನೀರನ್ನು ಹೀಗೆ ಎಣಿಸುವುದು ಜಿಪುಣತನವೆಂದು ಮಲೆನಾಡಿನ ಮಿತ್ರರು ನಗಬಹುದು. ನಮ್ಮ ಸೀಮೆಯಲ್ಲಿ ಹುಟ್ಟಿದವರು ನಗಲಾರರು. 1972ರ ಬರದ ಮಾತು ನಮ್ಮ ಮನೆಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಅದು ದೂರದ ಕಾಲವೆನ್ನುವವರಿಗೆ 2016ನ್ನು ನೆನಪಿಸಬೇಕು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜಿನಿಂದ ರೈಲುಗಾಡಿಯಲ್ಲಿ ಕುಡಿಯುವ ನೀರನ್ನು ತಂದರು. ಮೊದಲ ಗಾಡಿಯಲ್ಲಿ ಬಂದದ್ದು ಐದು ಲಕ್ಷ ಲೀಟರು. ನೀರು ರೈಲಿನಲ್ಲಿ ಕುಳಿತು ಪ್ರಯಾಣ ಮಾಡಿದ ನಾಡಿನ ಪಕ್ಕದಲ್ಲಿ ಕುಳಿತು ನಾವು ಕಲ್ಲು ತೊಳೆಯುತ್ತಿದ್ದೇವೆಂಬುದನ್ನು ಮರೆಯಬಾರದು. ಬೀದರದ ಬಹಮನಿ ಅರಸರ ಕಾಲದವರು ಈ ಮರೆವಿಗೆ ಅವಕಾಶ ಕೊಡಲಿಲ್ಲ. ನೌಬಾದಿನಲ್ಲಿ ಅವರು ಕೆಂಪುಕಲ್ಲಿನ ಹೊಟ್ಟೆಯೊಳಗೆ ಕಿಲೋಮೀಟರುಗಟ್ಟಲೆ ಸುರಂಗ ಕಡಿದು, ಉದ್ದಕ್ಕೂ ಗಾಳಿಬಾವಿಗಳನ್ನು ಬಿಟ್ಟು, ನೆಲದೊಳಗಿನ ಒರತೆಯನ್ನು ಇಳಿಜಾರಿನಲ್ಲಿ ಮೆಲ್ಲಗೆ ನಡೆಸಿಕೊಂಡು ಬಂದರು. ಅದಕ್ಕೆ ಕರೇಜ್ ಎಂದು ಹೆಸರು. ಅಲ್ಲಿ ನೀರಿಗೆ ಯಾವ ಬಲವೂ ಇಲ್ಲ. ತನ್ನ ಭಾರದಿಂದಲೇ ಅದು ನಡೆಯುತ್ತದೆ. ನಾನು ನೀರಿನ ಬಲದಿಂದ ಕೆಂಪುಕಲ್ಲನ್ನು ಕೆಡವಿದೆ. ಅವರು ಕೆಂಪುಕಲ್ಲಿನ ಗುಣವನ್ನರಿತು ಅದರಿಂದ ನೀರನ್ನು ಪಡೆದರು.

ಹಾಗಾದರೆ ಈ ಬಲಕ್ಕೆ ಜಗತ್ತಿನಲ್ಲಿ ಸ್ಥಾನವಿಲ್ಲವೆ? ಇದೆ, ಅತ್ಯಂತ ಅಗತ್ಯವಾದ ಸ್ಥಾನವಿದೆ. ನಮ್ಮ ಅಂಗಳದಿಂದ ಹರಿದುಹೋದ ನೀರು ಎಲ್ಲಿಗೆ ಹೋಗುತ್ತದೆಂದು ಸ್ವಲ್ಪ ಹಿಂಬಾಲಿಸಿ ನೋಡಿ. ಬೀದಿಯ ಗಟಾರಕ್ಕೆ ಹೋಗುತ್ತದೆ. ಅದರಲ್ಲಿ ಕಸ ಕಟ್ಟಿಕೊಳ್ಳುತ್ತದೆ. ದೊಡ್ಡ ಊರುಗಳಲ್ಲಿ ನೆಲದಡಿಯ ಒಳಚರಂಡಿಗಳೂ ಹೀಗೆಯೇ ಕಟ್ಟಿಕೊಳ್ಳುತ್ತವೆ. ಆ ಚರಂಡಿಯ ಗುಂಡಿಗೆ ಮನುಷ್ಯನನ್ನು ಇಳಿಸಿ ಕೈಯಿಂದ ಬಾಚಿಸುವುದು ಈ ದೇಶದಲ್ಲಿ ಬಹುಕಾಲ ನಡೆದುಬಂದ ಪಾಪ. 2013ರ ಕಾಯಿದೆ ಅದನ್ನು ನಿಷೇಧಿಸಿತು. ಆದರೂ ಒಳಗಿನ ವಿಷವಾಯುವಿಗೆ ಜನ ಸಾಯುವುದು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಸಾವಿನ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷ ರೂಪಾಯಿಗೆ ಏರಿಸಬೇಕಾಯಿತೆಂಬುದೇ ಇದಕ್ಕೆ ಸಾಕ್ಷಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಬದುಕನ್ನೇ ಈ ಹೋರಾಟಕ್ಕೆ ಕೊಟ್ಟವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಕನ್ನಡಿಗರು ಹೆಮ್ಮೆಪಟ್ಟೆವು. ಹೆಮ್ಮೆಪಟ್ಟಷ್ಟು ಬೇಗ ನಾಚಿಕೆಪಡಲಿಲ್ಲ.

ಒತ್ತಡದ ನೀರು ಮೊದಲು ಹೋಗಬೇಕಾದದ್ದು ಆ ಕತ್ತಲೆಗೆ. ಚರಂಡಿಯೊಳಗೆ ಕೊಳವೆಯನ್ನಿಳಿಸಿ, ಮೇಲೆ ನಿಂತೇ ನೀರು ಹೊಡೆದು ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರಗಳು ಇವೆ. ಅವುಗಳ ತತ್ತ್ವ ನಾನು ಅಂಗಳದಲ್ಲಿ ಹಿಡಿದ ಯಂತ್ರದ್ದೇ. ಮನುಷ್ಯನ ಕೈ ಹೋಗಬಾರದ ಕಡೆ ಯಂತ್ರದ ಬಲ ಹೋಗಬೇಕು. ಮನುಷ್ಯನ ಕೈ ಮೃದುವಾಗಿ ಹೋಗಬೇಕಾದ ಕಡೆ ಆ ಬಲ ಹೋಗಬಾರದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ. ನಾವು ಮಾಡುತ್ತಿರುವುದು ಅದರ ವಿಪರ್ಯಾಸ. ಒಂದು ಊರಿನಲ್ಲಿ ನೂರು ಅಂಗಳಗಳಿಗೆ ನೂರು ಯಂತ್ರಗಳಿದ್ದು, ಆ ಊರಿನ ಚರಂಡಿಗೆ ಒಂದು ಯಂತ್ರವಿಲ್ಲದೆ ಒಬ್ಬ ಮನುಷ್ಯ ಹಗ್ಗ ಹಿಡಿದು ಇಳಿಯಬೇಕಾದರೆ, ಆ ಊರನ್ನು ಸ್ವಚ್ಛ ಊರೆಂದು ಕರೆಯಲು ಯಾವ ನಿಘಂಟೂ ಒಪ್ಪಲಾರದು.

ಮಾಣಿಕನಗರದಿಂದ ಬಸವಕಲ್ಯಾಣ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣದ ಶರಣರು ಕೆಲಸವನ್ನು ಕಾಯಕವೆಂದು ಕರೆದಾಗ ಗುಡಿಸುವುದನ್ನೂ ಒಗೆಯುವುದನ್ನೂ ಹೊರಗಿಡಲಿಲ್ಲ. ಶಿವಭಕ್ತರ ಮನೆಯಂಗಳ ಗುಡಿಸುವುದು ವಚನಕಾರ್ತಿ ಸತ್ಯಕ್ಕನ ಕಾಯಕವಾಗಿತ್ತೆನ್ನುತ್ತಾರೆ. ಶರಣರ ಬಟ್ಟೆಗಳನ್ನು ಮಡಿ ಮಾಡಿದವನು ಮಾಚಯ್ಯ. ಮಡಿವಾಳನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಟ್ಟೆಯನ್ನು ಬಂಡೆಗೆ ಬಡಿಯುವವನಿಗೆ ಎಷ್ಟು ಬಡಿಯಬೇಕೆಂಬುದು ತಿಳಿದಿರಬೇಕು. ಕೊಳೆ ಹೋಗಬೇಕು, ನೂಲು ಉಳಿಯಬೇಕು. ಹರಿದರೆ ಬಟ್ಟೆ ಶುದ್ಧವಾಯಿತೆಂದು ಯಾವ ಮಡಿವಾಳನೂ ಹೇಳುವುದಿಲ್ಲ. ಕೊಳೆ ಯಾವುದು, ಮೈ ಯಾವುದು ಎಂಬ ವಿವೇಚನೆಯೇ ಆ ಕಾಯಕದ ಜೀವ. ಯಂತ್ರಕ್ಕೆ ಬಲವಿದೆ, ವಿವೇಚನೆಯಿಲ್ಲ. ಅದನ್ನು ಹಿಡಿದ ಕೈ ಒದಗಿಸಬೇಕು. ಹೋದ ವರ್ಷ ಆ ಕೈಗೆ ಎಂ.ಎ. ಪದವಿಯಿತ್ತು, ವಿವೇಚನೆಯಿರಲಿಲ್ಲ.

ಈ ವರ್ಷ ಮಳೆ ತಗ್ಗಿದ ಮೇಲೆ ಗೌಂಡಿಯನ್ನು ಕರೆಸಿದೆವು. ಅವನು ಓರೆಯಾದ ಫರಸಿಗಳನ್ನೆತ್ತಿ, ಬುಡಕ್ಕೆ ಮರಳು ತುಂಬಿ, ಬೀದಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು ಮತ್ತೆ ಕೂರಿಸಿದ. ಸಂದುಗಳಿಗೆ ಸಿಮೆಂಟು ತುಂಬೋಣವೆಂದ. ಅವ್ವ ಒಪ್ಪದೆ ಸುಣ್ಣದ ಗಚ್ಚನ್ನೇ ತುಂಬಿಸಿದಳು. ಕಲ್ಲಿಗಿಂತ ಗಟ್ಟಿಯಾದುದನ್ನು ಸಂದಿಗೆ ಹಾಕಿದರೆ ಸವೆಯುವುದು ಸಂದಲ್ಲ, ಕಲ್ಲು ಎಂದು ಹಳೆಯ ಕಟ್ಟಡಗಳನ್ನು ಕಾಪಾಡುವವರು ಹೇಳುತ್ತಾರೆ. ಆಕೆ ಆ ಗ್ರಂಥಗಳನ್ನು ಓದಿದವಳಲ್ಲ. ತೊಟ್ಟಿಯ ಕೊಳವೆಯನ್ನು ತುಳಸಿಕಟ್ಟೆಯಾಚೆಗಿನ ಬಾಳೆಯ ಪಾತಿಗೆ ತಿರುಗಿಸಿದೆವು. ಬೇವಿನ ಎರಡು ಕೊಂಬೆಗಳನ್ನು ಸವರಿದ ಮೇಲೆ ಮೂಲೆಗೆ ಬಿಸಿಲು ಬಂದಿತು. ಉಳಿದಿದ್ದ ಪಾಚಿಯನ್ನು ನಾನೇ ತೆಂಗಿನ ನಾರಿನಿಂದ ಉಜ್ಜಿದೆ. ಒಂದು ಗಂಟೆ ಹಿಡಿಯಿತು. ನೀರು ಎರಡು ಬಕೀಟು. ಬೆನ್ನು ಮೂರು ದಿನ ನೋಯಿತು. ಆ ನೋವು ಮನೆಯಲ್ಲಿ ಇದುವರೆಗೆ ಯಾರಲ್ಲಿತ್ತೆಂಬುದು ಆಗ ತಿಳಿಯಿತು. ಅಂದಿನಿಂದ ಬೆಳಗಿನ ಗುಡಿಸುವ ಕೆಲಸ ನನ್ನದು.

ಹಿತ್ತಲ ಗೋಡೆ ಮಾತ್ರ ಹಾಗೆಯೇ ಇದೆ. ಧಾರೆ ಕೊರೆದ ಗುರುತುಗಳು ಅದರ ಮೈಮೇಲೆ ಅಡ್ಡಡ್ಡವಾಗಿ ನಿಂತಿವೆ. ಸುಣ್ಣ ಬಳಿದಿದ್ದೇವೆ. ಹಳೆಯ ಗಟ್ಟಿತನ ಅದಕ್ಕೆ ನನ್ನ ಕಾಲದಲ್ಲಿ ಮರಳಲಾರದು. ಅದನ್ನು ನೋಡಿದಾಗಲೆಲ್ಲ ಅವ್ವ ಏನೂ ಹೇಳುವುದಿಲ್ಲ. ಆಕೆಯ ಮಣಿಕಟ್ಟು ಕೂಡಿಕೊಂಡಿದೆ. ಕೊಡ ಎತ್ತುವಷ್ಟು ಬಲ ಬಂದಿಲ್ಲ, ರಂಗೋಲಿಯ ಗೆರೆ ಎಳೆಯಲು ಸಾಕಾಗುತ್ತದೆ. ನಾನು ಗುಡಿಸಿ ಥಳಿ ಹೊಡೆಯುತ್ತೇನೆ. ಅದು ಆರುವುದಕ್ಕೆ ಮೊದಲು ಆಕೆ ಬಂದು ಕುಳಿತು ಚುಕ್ಕಿ ಇಡುತ್ತಾಳೆ. ಬರುವ ದತ್ತಜಯಂತಿಗೆ ನೆಂಟರು ಬಂದಾಗ ನಮ್ಮ ಅಂಗಳ ಹೋದ ವರ್ಷದಷ್ಟು ಬೆಳ್ಳಗಿರುವುದಿಲ್ಲ. ಕಾಲಿಟ್ಟರೆ ಜಾರುವುದಿಲ್ಲ, ಎಡವುವುದಿಲ್ಲ. ಅಂಗಳದಿಂದ ಅದಕ್ಕಿಂತ ಹೆಚ್ಚಿನದನ್ನು ಬಯಸುವುದು ನನಗೆ ಬೇಕಾಗಿಲ್ಲ.